ಪೆಡಲ್ ಪುರಾಣ

ಸೈಕಲ್ಲಿಗೆ ಎರಡು ಗಾಲಿಗಳಿವೆಯೆಂಬುದು ಎಲ್ಲರಿಗೂ ಗೊತ್ತು. ಅದರ ಪೆಡಲಿನ ಹೊಟ್ಟೆಯಲ್ಲಿ ಉಕ್ಕಿನ ಗುಂಡುಗಳಿವೆಯೆಂಬುದು ಮಾತ್ರ ಅವು ಅಳತೊಡಗಿದಾಗಲೇ ಗೊತ್ತಾಗುವುದು. ನನ್ನವು ಅಳತೊಡಗಿದ್ದು ಪರೀಕ್ಷೆಗೆ ಹದಿನೈದು ದಿನವಿದ್ದಾಗ. ಹೊಲದ ಮನೆಯಿಂದ ಬಬಲೇಶ್ವರದವರೆಗೆ ಎರೆಮಣ್ಣಿನ ದಾರಿಯಲ್ಲಿ ಸೈಕಲ್ಲು, ಅಲ್ಲಿಂದ ಸಾರವಾಡದ ಡೋಣಿ ಸೇತುವೆ ದಾಟಿ ವಿಜಯಪುರಕ್ಕೆ ಬಸ್ಸು. ಸೈಕಲ್ಲು ನಿಂತರೆ ಬಸ್ಸು ತಪ್ಪಿತು. ಬಸ್ಸು ತಪ್ಪಿದರೆ ಪರೀಕ್ಷೆಯೂ ತಪ್ಪಿತು.

"ಸೀಲ್ ಬೇರಿಂಗಿನ ಪೆಡಲ್ ಹಾಕಸಲೇ, ಮತ್ತ ಅದರ ಕಡೆ ನೋಡೂದ ಬ್ಯಾಡ" ಎಂದ, ಸೈಕಲ್ ಪಂದ್ಯಗಳಲ್ಲಿ ಓಡುವ ಗೆಳೆಯ. ನಮ್ಮದು ಸೈಕಲ್ ಪಟುಗಳ ಜಿಲ್ಲೆ. ಅವನ ಮಾತಿಗೆ ತೂಕವಿತ್ತು. ಗುಂಡು, ಗ್ರೀಸು ಎರಡೂ ಒಂದೇ ಬಳೆಯೊಳಗೆ ಅಡಗಿರುತ್ತವೆ, ಬದಿಗೆ ರಬ್ಬರಿನ ಮುಚ್ಚಳ. ಕೆಸರು, ಧೂಳು ಸುಲಭವಾಗಿ ಒಳನುಗ್ಗಲಾರವು. ಬೆಲೆ ಕೇಳಿದೆ. ಅಪ್ಪನ ಎರಡು ದಿನದ ಕೂಲಿ!

ದ್ರಾಕ್ಷಿಯ ಸೀಮೆಯಾದ ತಿಕೋಟಾದಲ್ಲಿ ನನ್ನ ಸೋದರಮಾವನ ಸೈಕಲ್ ಅಂಗಡಿಯಿದೆ. ಅಲ್ಲಿ ಜಾಣತನ ತೋರಿಸಲು ಹೋಗಿ ಎಡಗಡೆಯ ಪೆಡಲನ್ನು ಬಿಚ್ಚುವ ಬದಲು ಇನ್ನಷ್ಟು ಬಿಗಿದುಬಿಟ್ಟೆ. ಅದರ ಸುತ್ತು ತಿರುವುಮುರುವು ಎಂಬುದು ಬಿ.ಎ. ಕೊನೆಯ ವರ್ಷದವನಿಗೆ ಅಂದೇ ತಿಳಿದದ್ದು! ಮಾವ ನಕ್ಕು, ತಾವೇ ಬಿಚ್ಚಿ, ಒಳಗಿನದನ್ನು ಹಳೆಯ ತಟ್ಟೆಗೆ ಸುರಿದರು. ಎರೆಮಣ್ಣು ಗ್ರೀಸಿನೊಡನೆ ಕಲೆತು ಸಾಣೆಯ ಹಿಟ್ಟಿನಂತಾಗಿತ್ತು. ಗುಂಡುಗಳ ಮೈಗೆಲ್ಲ ಸಿಡುಬಿನ ಕಲೆ.

"ಅಳಿಯಾ, ಸೀಲ್ ಬೇರಿಂಗ್ ಚಲೋನ ಅದ. ಖರೆ, ಕೆಟ್ಟರ ಗುಂಡು ಬದಲಸಾಕ ಬರೂದಿಲ್ಲ, ಇಡೀ ಬೇರಿಂಗನ ಬದಲಸಬೇಕು. ಆ ಅಳತಿದು ನಿಮ್ಮ ಕಡೆ ಯಾರ ಹತ್ರ ಸಿಗತದ?"

"ಇವನ್ನ ಮಳಿಗಾಲದಾಗ ಮತ್ತ ಮತ್ತ ಬಿಚ್ಚಿ ತೊಳೀಬೇಕಲ್ಲ, ಮಾವಾ?"

"ಯಾಕ, ಕೈ ಇಲ್ಲೇನು ನಿನಗ?"

ಗೆಳೆಯ ಹೇಳಿದ್ದು ಸುಳ್ಳಲ್ಲ. ಕೆಸರಿಗೆ ಮುಚ್ಚಿದ್ದೇ ಮೇಲು. ಆದರೆ ಕೆಟ್ಟ ದಿನ ನನ್ನ ಕೈಯಿಂದಲೇ ದುರಸ್ತಿಯಾಗುವುದು ನನಗೆ ಬೇಕಾಗಿತ್ತು. ಹೊಸ ಕೋನು, 5/32 ಇಂಚಿನ ಹೊಸ ಗುಂಡುಗಳನ್ನು ಕೊಂಡೆ. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲಿನಲ್ಲಿ ಬಟ್ಟಲು ತೊಳೆದೆ. ಗ್ರೀಸು ಬಳಿದು, ಅದರ ಅಂಟಿನಲ್ಲಿ ಒಂದೊಂದೇ ಗುಂಡನ್ನು ಕೂಡಿಸಿ, ಕೋನು ತಿರುವಿದೆ. ಮೊದಲ ಸಲ ಬಿಗಿಯಾಗಿ ಕರಕರ ಎಂದಿತು. ಎರಡನೆಯ ಸಲ ಸಡಿಲಾಗಿ ಲಟಲಟ ಎಂದಿತು. ಮೂರನೆಯ ಸಲ ಮಾವ ಬೆರಳಿನಿಂದ ಮೀಟಿದರು. ಪೆಡಲು ಸದ್ದಿಲ್ಲದೆ ತಿರುಗಿತು. ಅವರು ಮಾತಾಡದೆ ಚಹಾ ತರಿಸಿದರು.

ಮೊದಲ ಪೇಪರಿನ ದಿನ ಬಸ್ಸು ಸಿಕ್ಕಿತು. ಹಿಂದಿನ ರಾತ್ರಿ ಮಳೆಯಾಗಿ, ಬೆಳಗ್ಗೆ ಮತ್ತೊಮ್ಮೆ ಪೆಡಲು ಬಿಚ್ಚಿದ್ದೆ. ಉಗುರಿನ ಗ್ರೀಸು ಉತ್ತರಪತ್ರಿಕೆಯ ಅಂಚಿಗೆ ಅಂಟಿದ್ದನ್ನು ಮೇಲ್ವಿಚಾರಕರು ಎರಡು ಸಲ ಬಗ್ಗಿ ನೋಡಿದರು.