ಕಣ್ಣಿನ ಕಾವಲು

ಬಾಗಿಲು ಕಾಯುವವನಿಗೆ ಬಂದವನ ವೇಷ ಕಾಣುವುದಲ್ಲದೆ ಅಂತರಂಗ ಕಾಣದು. ದೇಹದ ಕಾವಲಿನ ರೀತಿಯೂ ಇದೇ.

ಆರ್‌ಪಿಇ 65 ಎಂಬ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟು ಹುಟ್ಟಿದ ಮಕ್ಕಳಿಗೆ ಎಳವೆಯಲ್ಲಿಯೇ ಇರುಳುಗುರುಡು. ಬೆಳೆದಂತೆಲ್ಲ ಹಗಲಿನ ನೋಟವೂ ಮಾಸುವುದು. ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ಜೀನ್ ಬೆನೆಟ್, ಆಲ್ಬರ್ಟ್ ಮಗ್ವಾಯರ್ ದಂಪತಿಗಳು ಅದರ ಸರಿಯಾದ ಪ್ರತಿಯನ್ನು ಕಣ್ಣಿಗೆ ಮುಟ್ಟಿಸುವ ಸಾಹಸಕ್ಕೆ ತೊಡಗಿದರು. ಅದರ ಫಲವಾದ ಲಕ್ಸ್‌ಟರ್ನಾ ಎಂಬ ಔಷಧಕ್ಕೆ 2017ರಲ್ಲಿ ಆ ದೇಶದ ಸರಕಾರದ ಒಪ್ಪಿಗೆ ದೊರೆಯಿತು. ವಂಶವಾಹಿಯನ್ನು ಹೊತ್ತೊಯ್ಯುವುದು ನಿರಪಾಯಕಾರಿಯಾದ ಒಂದು ವೈರಸ್ಸಿನ ಕವಚ. 0.3 ಮಿಲಿಲೀಟರು ದ್ರವದಲ್ಲಿ ಅಂಥ 15,000 ಕೋಟಿ ಪ್ರತಿಗಳು ಅಕ್ಷಿಪಟಲದ ಅಡಿಗೆ ಇಳಿಯುತ್ತವೆ.

ಬಂದುದು ಉಪಕಾರವೆಂದು ಕಾವಲಿಗೆ ತಿಳಿಯುವುದೆಂತು? ಅದು ಕಾಣುವುದು ವೈರಸ್ಸಿನ ವೇಷವನ್ನು. ಕೆಲವರಲ್ಲಿ ರಕ್ಷಕಕಣಗಳು ಮುತ್ತುತ್ತವೆ. ಕಣ್ಣು ಕೆಂಪೇರಿ ನೋಯುತ್ತದೆ, ನೋಟ ಮಬ್ಬಾಗುತ್ತದೆ. ಉರಿಯೂತ ಬಲಿತರೆ ಉಳಿದಿದ್ದ ಕಿಂಚಿತ್ ಬೆಳಕಿಗೂ ಕುತ್ತು. ಮಗುವಿನ ತಾಯಿತಂದೆಗಳು ಪಣಕ್ಕೊಡ್ಡುವುದು ಆ ಬೆಳಕನ್ನೇ ಅಲ್ಲವೆ?

ಆದುದರಿಂದ ವೈದ್ಯರು 3 ದಿನ ಮುಂಚಿತವಾಗಿಯೇ ಪ್ರೆಡ್ನಿಸೋನ್ ಔಷಧವನ್ನು ಆರಂಭಿಸಿ, ಆಮೇಲೆ ಕ್ರಮವಾಗಿ ತಗ್ಗಿಸುತ್ತಾರೆ. ಎರಡು ಕಣ್ಣುಗಳ ಚಿಕಿತ್ಸೆಗೆ ಕನಿಷ್ಠ 6 ದಿನಗಳ ಅಂತರವಿರಬೇಕೆಂಬ ನಿಯಮವೂ ಉಂಟು.

ಕಾವಲುಗಾರನನ್ನೇ ಹೊರದೂಡಿದರೆ ನಿಜವಾದ ಕಳ್ಳನಿಗೆ ಮನೆ ತೆರೆದಂತಾಗುವುದು. ಅವನನ್ನು ತುಸುಕಾಲ ಶಾಂತಗೊಳಿಸಬೇಕು, ಅಷ್ಟೆ. ದಾನ ಎಷ್ಟೇ ದೊಡ್ಡದಾಗಿರಲಿ, ಕೊಳ್ಳುವ ಮನೆಯ ಒಪ್ಪಿಗೆಯನ್ನು ಮೊದಲು ಪಡೆಯಬೇಕೆಂಬ ಲೋಕನೀತಿ ಅಷ್ಟು ಸಣ್ಣ ಕಣ್ಣಿನೊಳಗೂ ನಡೆಯುತ್ತದೆ.