ಮಣೆ ಕೊರೆದವರು

ಅರಳಸುರಳಿಯ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ಚೆನ್ನೆಮಣೆ. 14 ಗುಳಿಗಳ ಆ ಮರದ ಮಣೆಯ ಮುಂದೆ ಕುಳಿತರೆ ಗೆಲ್ಲುವುದೊಂದೇ ನನ್ನ ಚಿಂತೆ. ಅದನ್ನು ಕೊರೆದವರು ಯಾರೆಂದು ಎಂದೂ ಯೋಚಿಸಿದವಳಲ್ಲ.

ಯೋಚಿಸುವಂತೆ ಮಾಡಿದವನು ಅಕ್ಕನ ಮಗ. ಅವನ ಹುಚ್ಚು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ, ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಕಥೆ ಕಟ್ಟುವ ಆಟವದು. 2023ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್‌ಗೆ ಎರಡು ವಾರವಿರುವಾಗ, ಅದರ ಒಡೆತನದ ಹ್ಯಾಸ್ಬ್ರೋ ಕಂಪನಿ ಸುಮಾರು 1,100 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಸಾರಿತು. ಇಳಿದದ್ದು ಆಟಿಕೆಗಳ ವ್ಯಾಪಾರ. ಈ ಆಟದ ವಿಭಾಗ ಲಾಭದಲ್ಲೇ ಇತ್ತು. ಆದರೂ ಅಲ್ಲಿಯವರೂ ಮನೆಗೆ ಹೋಗಬೇಕಾಯಿತು. ಆಡುವವರು ಕೆರಳಿದರು. ಹೋದವರ ಹೆಸರು ಹಿಡಿದು, ಅವರು ಬರೆದ ಪುಸ್ತಕ, ಬಿಡಿಸಿದ ಚಿತ್ರ ನೆನೆದು ಮರುಗಿದರು. ನಮ್ಮವನೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

“ಒಂದು ಆಟಕ್ಕೆ ಇಷ್ಟು ಸಂಕಟವೇನೋ?” ಎಂದೆ.

“ಆಟಕ್ಕಲ್ಲ ಚಿಕ್ಕಮ್ಮ, ಅದನ್ನು ಮಾಡಿಕೊಟ್ಟವರಿಗೆ.”

ಮಾತು ಹೊರಡಲಿಲ್ಲ. ರಾತ್ರಿ ಮಣೆಯನ್ನು ಮಗುಚಿ ನೋಡಿದೆ. ಉಳಿಯ ಗುರುತುಗಳಿದ್ದವು, ಹೆಸರಿರಲಿಲ್ಲ. ಅಮ್ಮನಿಗೆ ಗೊತ್ತಿತ್ತೇನೋ. ಅವಳಿದ್ದಾಗ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.