ಆರನೆಯವರು

ನಮ್ಮ ಫೈನಲ್ ಇಯರ್ ಪ್ರಾಜೆಕ್ಟು ಒಂದು ಪುಟ್ಟ ವೆಬ್‌ಸೈಟ್. ಕುರಿಗೆ ಕಾಯಿಲೆ ಬಂದ್ರೆ ಮೊಬೈಲಿನಿಂದಲೇ ದಾಖಲಿಸಬಹುದು. ಲ್ಯಾಬಿನಲ್ಲಿ ನಾವು ನಾಲ್ವರೂ ಒಂದೊಂದು ಸಲ ಒತ್ತಿ ನೋಡಿ, ‘ಆಯ್ತು ಬಿಡ್ರೋ’ ಅಂದಿದ್ವಿ.

ನಿಜವಾದ ಪರೀಕ್ಷೆ ಆಗಿದ್ದು ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಪಕ್ಕದ ಹಳ್ಳಿಯಲ್ಲಿ. ಒಂದು ಕಾಲಕ್ಕೆ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಆ ಹುಲ್ಲುಗಾವಲಿನಲ್ಲಿ ಈಗ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ. ಕುರಿ ನಂಬಿ ಬದುಕುವ ಮನೆಗಳು ಸುತ್ತಲೂ ಇವೆ.

ಐದು ಜನರದ್ದು ಸಲೀಸಾಗಿ ಹೋಯ್ತು. ಆರನೆಯವರಾಗಿ ಒಬ್ಬ ಅಜ್ಜ ಒತ್ತಿದ್ರೆ, ‘429, ಮಿತಿ ಮೀರಿದೆ’.

“ನಂದು ಇನ್ನೂ ಒಂದೂ ಹೋಗಿಲ್ವಲ್ರಪ್ಪಾ?”

ಒಂದು ವಿಳಾಸದಿಂದ ಗಂಟೆಗೆ ಐದೇ ಅಂತ ನಿಯಮ ಹಾಕಿದ್ದು ನಾವೇ. ರಾತ್ರಿ ಲಾಗ್ ತೆಗೆದ್ರೆ ಎಲ್ಲರ ವಿಳಾಸವೂ 127.0.0.1! ಬಂದ ಮನವಿಯನ್ನು ಎಂಜಿನ್‌ಎಕ್ಸ್ ಪ್ರಾಕ್ಸಿ ಮೊದಲು ತಗೊಂಡು ಒಳಗಿನ ಸರ್ವರ್‌ಗೆ ದಾಟಿಸುತ್ತೆ. ಕಳಿಸಿದವರ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರ್‌ನಲ್ಲಿ ಬರೆದು ಕೊಡದಿದ್ರೆ, ಒಳಗಿನವನಿಗೆ ಕಾಣೋದು ಪ್ರಾಕ್ಸಿ ಮಾತ್ರ.

ಆ ಸಾಲನ್ನು ಸರ್ವರ್ ಬ್ಲಾಕಿನಲ್ಲಿ ಬರೆದಿದ್ವಲ್ಲ! ಮತ್ತೇನು? ಎರಡು ಗಂಟೆ ತಲೆ ಕೆಡಿಸಿಕೊಂಡ ಮೇಲೆ ಸಿಕ್ತು. ಹೋಸ್ಟ್ ಹೆಡರ್‌ಗಾಗಿ ಲೊಕೇಶನ್ ಬ್ಲಾಕಿನಲ್ಲಿ ಇನ್ನೊಂದು ‘ಪ್ರಾಕ್ಸಿ ಸೆಟ್ ಹೆಡರ್’ ಸಾಲು ಸೇರಿಸಿದ್ವಿ. ಒಳಗೆ ಅಂಥ ಒಂದೇ ಸಾಲಿದ್ರೂ ಸಾಕು, ಹೊರಗಿನ ಬ್ಲಾಕಿನಲ್ಲಿರುವ ಅಂಥ ಸಾಲುಗಳು ಯಾವುವೂ ಲೆಕ್ಕಕ್ಕಿಲ್ಲ. ಎರಡನ್ನೂ ಲೊಕೇಶನ್ ಬ್ಲಾಕಿನಲ್ಲೇ ಬರೆದು ರೀಲೋಡ್ ಮಾಡಿದ್ವಿ. ಲಾಗ್‌ನಲ್ಲಿ ನಿಜವಾದ ವಿಳಾಸಗಳು ಬಂದ್ವು.

ಬೆಳಿಗ್ಗೆ ಖುಷಿಯಿಂದ ಹೋದ್ರೆ ಈ ಸಲ ಎಂಟನೆಯವರಿಗೆ 429. ಹಲವರ ವಿಳಾಸ ಒಂದೇ! ಮೊಬೈಲ್ ಕಂಪನಿಗಳು ಒಂದೇ ಪಬ್ಲಿಕ್ ವಿಳಾಸವನ್ನು ಎಷ್ಟೋ ಫೋನುಗಳಿಗೆ ಹಂಚಿಕೊಡುತ್ತವೆ ಅನ್ನೋದನ್ನ ಪರೀಕ್ಷೆಗೆ ಓದಿದ್ವಿ, ಪ್ರಾಜೆಕ್ಟ್ ಮಾಡುವಾಗ ಮರೆತಿದ್ವಿ. ಹೆಡರ್ ಸರಿಯಾಗೇ ಹೇಳ್ತಿತ್ತು. ಒಂದು ವಿಳಾಸ ಅಂದ್ರೆ ಒಬ್ಬ ಮನುಷ್ಯ ಅಂತ ತಿಳಿದಿದ್ದವರು ನಾವು. ಕೊನೆಗೆ ಮಿತಿಯನ್ನು ವಿಳಾಸದಿಂದ ಬಿಡಿಸಿ, ಒಟಿಪಿಯಿಂದ ಖಚಿತವಾದ ಫೋನ್ ನಂಬರಿಗೆ ಕಟ್ಟಿದ್ವಿ.

ಅಜ್ಜನದ್ದು ಹೋಗಿದ್ದು ಮೂರನೇ ದಿನ. ಅಷ್ಟರಲ್ಲಿ ಅವರ ಒಂದು ಮರಿ ಸತ್ತಿತ್ತು. ನಮ್ಮ ಸೈಟ್ ಸರಿ ಇದ್ದಿದ್ರೆ ಉಳೀತಿತ್ತಾ? ಹೇಳೋಕಾಗಲ್ಲ. ಅಜ್ಜ ಅದರ ಮಾತೇ ಎತ್ತದೆ ನಮಗೆ ಮಜ್ಜಿಗೆ ಕೊಟ್ರು.

ರಿಪೋರ್ಟಿನಲ್ಲಿ ಈ ದೋಷಕ್ಕೆ ಒಂದೇ ಸಾಲು ಸಿಕ್ಕಿದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೀವಿ. ಜೂನಿಯರ್‌ಗಳೇ, ಲ್ಯಾಬ್ ಬಿಟ್ಟು ಆರನೆಯವರ ಕೈಗೆ ಫೋನ್ ಕೊಟ್ಟು ನೋಡಿ.